ಹೊಟ್ಟೆ ತೊಳಸಿದಾಗ ಮೊದಲು ಏನು ಮಾಡಬೇಕು?

ಹೊಟ್ಟೆ ತೊಳಸುವುದಕ್ಕೆ ಕನ್ನಡದಲ್ಲಿ ಊರಿಗೊಂದು ಮಾತಿದೆ. ಮೈಸೂರು ಕಡೆಯವರು ‘ಹೊಟ್ಟೆ ತೊಳಸ್ತಿದೆ’ ಅಂತಾರೆ. ಧಾರವಾಡದವರು ‘ವಾಂತಿ ಬಂದಂಗ ಆಗಾಕತ್ತೇತಿ’ ಅಂತಾರೆ. ಕರಾವಳಿಯವರು ‘ಎಂಥದೋ ಒಂಥರಾ ಆಗ್ತದೆ ಮಾರಾಯ್ರೆ’ ಎಂದು ಹೊಟ್ಟೆ ಮೇಲೆ ಕೈಯಿಟ್ಟು ಕೂರುತ್ತಾರೆ. ನಮ್ಮ ಹಿರಿಯರಿಗಂತೂ ಎಲ್ಲಕ್ಕೂ ಒಂದೇ ಹೆಸರು, ‘ಪಿತ್ತ’. ಪುಸ್ತಕದಲ್ಲಿ ಬರೆಯುವಾಗ ವಾಕರಿಕೆ ಅಥವಾ ಓಕರಿಕೆ.

ಊರಿನಲ್ಲಿದ್ದಾಗ ಈ ಯಾವ ಮಾತು ಹೇಳಿದರೂ ಡಾಕ್ಟರಿಗೆ ಅರ್ಥವಾಗುತ್ತಿತ್ತು. ಇಲ್ಲಿ ಬಾಂದ್ರಾದ ಕ್ಲಿನಿಕ್ಕಿನಲ್ಲಿ ಹಾಗಲ್ಲ. ಊರಿಂದ ಬಂದ ಅಮ್ಮನನ್ನು ಡಾಕ್ಟರು ‘ಕ್ಯಾ ಹೋ ರಹಾ ಹೈ?’ ಎಂದು ಕೇಳುತ್ತಾರೆ. ಅಮ್ಮನಿಗೆ ಗೊತ್ತಿರುವ ಹಿಂದಿ ಶಬ್ದ ಒಂದೇ, ‘ಚಕ್ಕರ್’. ಅವರು ಅದನ್ನೇ ಹೇಳುತ್ತಾರೆ. ಡಾಕ್ಟರು ತಲೆಸುತ್ತಿಗೆ ಮಾತ್ರೆ ಬರೆಯುತ್ತಾರೆ. ಅಮ್ಮನಿಗೆ ಆಗುತ್ತಿದ್ದದ್ದು ತಲೆಸುತ್ತಲ್ಲ, ವಾಕರಿಕೆ. ಎರಡಕ್ಕೂ ಕಾರಣ ಬೇರೆ, ಮದ್ದು ಬೇರೆ.

ಆದ್ದರಿಂದ ಈ ತಿಂಗಳ ಅಂಕಣವನ್ನು ನಾಲ್ಕು ಶಬ್ದಗಳಿಂದ ಶುರು ಮಾಡುತ್ತೇನೆ. ವಾಕರಿಕೆಗೆ ಮರಾಠಿಯಲ್ಲಿ ‘ಮಳಮಳ’, ಹಿಂದಿಯಲ್ಲಿ ‘ಜೀ ಮಿಚಲಾನಾ’. ವಾಂತಿಗೆ ‘ಉಲ್ಟಿ’. ತಲೆಸುತ್ತಿಗೆ ‘ಚಕ್ಕರ್’. ಎದೆನೋವಿಗೆ ಮರಾಠಿಯಲ್ಲಿ ‘ಛಾತೀತ್ ದುಖತಂಯ್’, ಹಿಂದಿಯಲ್ಲಿ ‘ಸೀನೇ ಮೇಂ ದರ್ದ್’. ಇಷ್ಟನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ನಾವು ಆಫೀಸಿನಲ್ಲಿದ್ದಾಗ ಮನೆಯಲ್ಲಿ ಒಬ್ಬರೇ ಇರುವ ಅಪ್ಪ ಅಮ್ಮನಿಗೆ ಇದು ನಾವು ಕೊಡುವ ಮೊದಲ ಪ್ರಥಮ ಚಿಕಿತ್ಸೆ.

ಇದು ರೋಗವಲ್ಲ, ಸೂಚನೆ

ನಮ್ಮ ವೃತ್ತಿಯಲ್ಲಿರುವವರಿಗೆ ಒಂದು ಮಾತಿನಲ್ಲಿ ಹೇಳಬಹುದು: ವಾಕರಿಕೆ ಎರರ್ ಅಲ್ಲ, ಅಲರ್ಟ್. ಎಲ್ಲೋ ಏನೋ ಸರಿಯಿಲ್ಲ ಎಂದು ದೇಹ ಕೊಡುವ ಸೂಚನೆ. ಅಲರ್ಟನ್ನು ಮ್ಯೂಟ್ ಮಾಡಿದರೆ ಒಳಗಿನ ತೊಂದರೆ ಹೋಗುವುದಿಲ್ಲ. ಹಾಗೆಂದು ಪ್ರತಿ ಅಲರ್ಟಿಗೂ ಮಧ್ಯರಾತ್ರಿ ಎದ್ದು ಓಡಬೇಕಾಗಿಯೂ ಇಲ್ಲ. ಯಾವುದಕ್ಕೆ ಓಡಬೇಕು ಎಂದು ತಿಳಿದಿದ್ದರೆ ಸಾಕು.

ಸೂಚನೆ ಬರುವ ದಾರಿಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಹೊಟ್ಟೆ ಮತ್ತು ಕರುಳು. ಕೆಟ್ಟ ಆಹಾರವೋ ರೋಗಾಣುವೋ ಒಳಗೆ ಹೋದಾಗ ಕರುಳಿನ ಗೋಡೆಯ ಕೆಲವು ಜೀವಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ಮನಸ್ಸಿನ ಮಾತು ಬಂದಾಗೆಲ್ಲ ನಾವು ಕೇಳುವ ಸೆರೊಟೋನಿನ್ ಇದೇ. ನಮ್ಮ ದೇಹದಲ್ಲಿರುವ ಇದರ ಬಹುಪಾಲು ಇರುವುದು ಕರುಳಿನಲ್ಲಿ. ಅದು ವೇಗಸ್ ಎಂಬ ಉದ್ದನೆಯ ನರವನ್ನು ತಟ್ಟುತ್ತದೆ, ನರ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ವಾಂತಿಗೆ ಕೊಡುವ ಆಂಡಾನ್ಸೆಟ್ರಾನ್ ಎಂಬ ಔಷಧಿ ಈ ಸುದ್ದಿಯನ್ನೇ ತಡೆಯುವಂಥದ್ದು.

ಎರಡನೆಯದು ರಕ್ತ. ಮೆದುಳಿಗೆ ರಕ್ತದಿಂದ ಏನೇನು ಹೋಗಬಹುದು ಎಂಬುದಕ್ಕೆ ಬಿಗಿಯಾದ ಕಾವಲಿದೆ. ಆದರೆ ಮೆದುಳಿನ ಬುಡದ ಒಂದು ಸಣ್ಣ ಜಾಗದಲ್ಲಿ ಆ ಕಾವಲು ಬೇಕೆಂದೇ ಸಡಿಲ. ರಕ್ತದಲ್ಲಿ ವಿಷ, ಮದ್ಯ, ಔಷಧಿ ಅಥವಾ ಹಾರ್ಮೋನು ಹೆಚ್ಚಾಗಿದೆಯೇ ಎಂದು ಆ ಜಾಗ ರುಚಿ ನೋಡುತ್ತಿರುತ್ತದೆ. ಮೂರನೆಯದು ಒಳಕಿವಿ, ಅಂದರೆ ದೇಹದ ಸಮತೋಲ ನೋಡಿಕೊಳ್ಳುವ ಅಂಗ. ನಾಲ್ಕನೆಯದು ಮನಸ್ಸು. ಹೇಸಿಗೆ, ಭಯ, ವಾಸನೆ, ಹಳೆಯ ನೆನಪು ಎಲ್ಲ ಇದರಲ್ಲಿ ಸೇರುತ್ತವೆ.

ಈ ನಾಲ್ಕನೆಯದನ್ನು ನಮ್ಮ ಹಿಂದಿನವರೂ ಗುರುತಿಸಿದ್ದರು. ಚರಕ ಸಂಹಿತೆಯಲ್ಲಿ ವಾಂತಿಗೆ ‘ಛರ್ದಿ’ ಎಂದು ಹೆಸರು. ಅದರಲ್ಲಿ ಐದು ಬಗೆ. ಐದನೆಯದು ಅಸಹ್ಯವಾದದ್ದರ ಸಂಪರ್ಕದಿಂದ ಬರುವಂಥದ್ದು. ಬೇಸಿಗೆಯ ಮಧ್ಯಾಹ್ನ ಬಾಂದ್ರಾ ಪೂರ್ವದಿಂದ ಬಿಕೆಸಿಗೆ ಹೋಗುವ ಶೇರ್ ರಿಕ್ಷಾದಲ್ಲಿ ಮಿಠಿ ನದಿಯ ಗಾಳಿ ಮೂಗಿಗೆ ಬಡಿದವರಿಗೆ ಈ ಬಗೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಧ್ಯಾಹ್ನ ಮೂರು ಗಂಟೆ, ಆರು ಸಲಹೆ

ಕಳೆದ ಮಳೆಗಾಲದಲ್ಲಿ ನಮ್ಮ ಆಫೀಸಿನಲ್ಲಿ ಒಬ್ಬ ಹುಡುಗಿಗೆ ಊಟವಾದ ಎರಡು ಗಂಟೆಗೆ ಹೊಟ್ಟೆ ತೊಳಸಲು ಶುರುವಾಯಿತು. ಮುಖ ಬಿಳಿಚಿತು, ಬಾಯಲ್ಲಿ ನೀರೂರತೊಡಗಿತು. ಐದು ನಿಮಿಷದಲ್ಲಿ ಆರು ಜನ ಆರು ಸಲಹೆಯೊಂದಿಗೆ ಅವಳ ಸುತ್ತ ನಿಂತಿದ್ದರು. ಒಬ್ಬರು ಈನೋ ತಂದರು. ಒಬ್ಬರು ತಣ್ಣಗಿನ ಸೋಡಾ ತಂದರು. ‘ಗಂಟಲಿಗೆ ಬೆರಳು ಹಾಕು, ಎಲ್ಲ ಹೊರಗೆ ಹೋಗಲಿ’ ಅಂದರು ಇನ್ನೊಬ್ಬರು. ಬ್ಯಾಗಿನಿಂದ ಯಾವುದೋ ಮಾತ್ರೆಯ ಪಟ್ಟಿ ತೆಗೆದವರೊಬ್ಬರು. ಮಲಗಿಸಿ ಎಂದವರೊಬ್ಬರು. ‘ಏನಾದರೂ ವಿಶೇಷವಾ?’ ಎಂದು ನಕ್ಕವರೊಬ್ಬರು.

ಆರರಲ್ಲಿ ಕೆಲಸಕ್ಕೆ ಬರುವಂಥದ್ದು ಒಂದೂ ಇರಲಿಲ್ಲ. ಈನೋ ಎದೆಯುರಿಗೆ, ಹುಳಿತೇಗಿಗೆ ಸರಿ, ವಾಕರಿಕೆಗೆ ಅದು ಮದ್ದಲ್ಲ. ಸೋಡಾದ ಗ್ಯಾಸು ತುಂಬಿದ ಹೊಟ್ಟೆಯನ್ನು ಇನ್ನಷ್ಟು ಉಬ್ಬಿಸುತ್ತದೆ. ಬೆರಳು ಹಾಕಿ ವಾಂತಿ ಮಾಡಿಸುವುದು ಹಳೆಯ ಅಭ್ಯಾಸ, ಈಗ ವೈದ್ಯರು ಬೇಡ ಎನ್ನುತ್ತಾರೆ. ಗಂಟಲು ಗಾಯವಾಗಬಹುದು, ವಾಂತಿ ಶ್ವಾಸನಾಳಕ್ಕೆ ಹೋಗಬಹುದು. ಇನ್ನೊಬ್ಬರ ಮಾತ್ರೆಯಂತೂ ಕೂಡದು. ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೋಪ್ರಮೈಡ್‌ನಂಥ ಔಷಧಿಯಿಂದ ಕೆಲವರಿಗೆ, ಅದರಲ್ಲೂ ಮಕ್ಕಳಿಗೆ ಮತ್ತು ಎಳೆಯ ವಯಸ್ಸಿನವರಿಗೆ, ಕುತ್ತಿಗೆ ದವಡೆಗಳು ಸೆಟೆದುಕೊಳ್ಳುವುದುಂಟು. ಹೃದಯದ ಬಡಿತದ ತೊಂದರೆ ಇರುವವರಿಗೆ ಆಂಡಾನ್ಸೆಟ್ರಾನ್, ಡೊಂಪೆರಿಡೋನ್ ಎರಡೂ ಕೇಳದೆ ಕೊಡುವಂಥವಲ್ಲ. ಇನ್ನು ಮಲಗಿಸುವುದು. ಅಂಗಾತ ಮಲಗಿಸಿದರೆ ಅಪಾಯ, ಒಂದು ಮಗ್ಗುಲಿಗಾದರೆ ಸರಿ. ಆರನೆಯ ಸಲಹೆಗೆ ಉತ್ತರ ಬೇಕಿಲ್ಲ.

ಆ ಹುಡುಗಿಯನ್ನು ಕಿಟಕಿಯ ಹತ್ತಿರ ಕೂರಿಸಿದೆವು. ಒಂದು ಬಾರಿ ವಾಂತಿಯಾಯಿತು. ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿದೆವು. ಸಂಜೆಯ ಹೊತ್ತಿಗೆ ತಾನೇ ಎದ್ದು ಮನೆಗೆ ಹೋದಳು.

ಕ್ರಮವಾಗಿ ಹೇಳುವುದಾದರೆ

ಒಂದು: ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ. ಕೂರಲಾಗದಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಬಿಗಿಯಾದ ಬೆಲ್ಟು, ಕಾಲರ್, ಸೀರೆಯ ನೆರಿಗೆ ಸಡಿಲಿಸಿ. ಗಾಳಿ ಬರಲಿ. ಅಡುಗೆಮನೆಯ ಒಗ್ಗರಣೆ, ಅಗರಬತ್ತಿ, ಸೆಂಟು, ಎಲ್ಲ ವಾಸನೆಯಿಂದ ದೂರವಿರಲಿ.

ಎರಡು: ನಿಧಾನವಾಗಿ, ಆಳವಾಗಿ ಉಸಿರಾಡಲು ಹೇಳಿ. ಆಫೀಸಿನ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಇಂಜೆಕ್ಷನ್ನಿಗೆ ಮೊದಲು ಚರ್ಮ ಒರೆಸುವ ಆಲ್ಕೋಹಾಲ್ ಸ್ವಾಬ್ ಇರುತ್ತದೆ. ಅದನ್ನು ಮೂಗಿನಿಂದ ಸ್ವಲ್ಪ ದೂರ ಹಿಡಿದು ಕೆಲವು ಸಲ ಮೂಸಿದರೆ ದೊಡ್ಡವರಲ್ಲಿ ವಾಕರಿಕೆ ತಗ್ಗುತ್ತದೆ ಎಂದು ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ನಡೆದ ಪ್ರಯೋಗಗಳು ತೋರಿಸಿವೆ. ಸ್ಯಾನಿಟೈಜರ್ ಬಾಟಲಿ ಮೂಸುವುದು ಬೇರೆ, ಅದು ಬೇಡ.

ಮೂರು: ವಾಂತಿ ಬಂದರೆ ಬರಲಿ, ತಡೆಯಬೇಡಿ, ಬರಿಸಲೂ ಬೇಡಿ. ಆದ ಮೇಲೆ ಬಾಯಿ ಮುಕ್ಕಳಿಸಿದರೆ ಸಾಕು. ಕೂಡಲೇ ಹಲ್ಲುಜ್ಜಬಾರದು. ಹೊಟ್ಟೆಯ ಆಮ್ಲದಿಂದ ಮೆತ್ತಗಾದ ಹಲ್ಲಿನ ಮೇಲ್ಪದರ ಉಜ್ಜಿದರೆ ಸವೆಯುತ್ತದೆ.

ನಾಲ್ಕು: ಹತ್ತು ಹದಿನೈದು ನಿಮಿಷ ಹೊಟ್ಟೆಗೆ ವಿಶ್ರಾಂತಿ ಕೊಡಿ. ಬಾಯಾರಿಕೆ ಎಂದು ಒಂದು ಲೋಟ ನೀರನ್ನು ಗಟಗಟ ಕುಡಿಸಿದರೆ ಅದೂ ಹೊರಗೆ ಬರುತ್ತದೆ. ಆಮೇಲೆ ದೊಡ್ಡವರಿಗೆ ಕೆಲವು ನಿಮಿಷಕ್ಕೊಮ್ಮೆ ಒಂದೆರಡು ಗುಟುಕು, ಮಕ್ಕಳಿಗೆ ಒಂದೆರಡು ನಿಮಿಷಕ್ಕೆ ಒಂದು ಟೀ ಚಮಚ. ಚಮಚದ ಲೆಕ್ಕ ಜುಗ್ಗತನದಂತೆ ಕಾಣುತ್ತದೆ, ಅಲ್ಲವೇ? ಟೀ ಚಮಚ ಎಂದರೆ 5 ಮಿಲಿಲೀಟರ್. ನಿಮಿಷಕ್ಕೊಂದರಂತೆ ಕೊಟ್ಟರೆ ಗಂಟೆಗೆ 300 ಮಿಲಿಲೀಟರ್ ಒಳಗೆ ಹೋಯಿತು. ಮತ್ತೆ ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಶುರು ಮಾಡಿ. ಮೊಲೆಹಾಲು ಕುಡಿಯುವ ಮಗುವಿಗೆ ಹಾಲು ನಿಲ್ಲಿಸಬಾರದು.

ಐದು: ಹಸಿವಾದಾಗ ಮಾತ್ರ ಊಟ. ಗಂಜಿ, ಇಡ್ಲಿ, ಬಾಳೆಹಣ್ಣು, ಮೆತ್ತಗಿನ ಅನ್ನ. ಕರಿದದ್ದು, ಕಾಫಿ, ಮಸಾಲೆ ಒಂದು ದಿನ ದೂರವಿರಲಿ. ‘ಏನೂ ತಿಂದಿಲ್ಲ’ ಎಂದು ಪೀಡಿಸಬೇಡಿ. ಒಂದು ಹೊತ್ತು ತಿನ್ನದಿದ್ದರೆ ಆರೋಗ್ಯವಂತರಿಗೆ ಏನೂ ಆಗುವುದಿಲ್ಲ, ಕುಡಿಯದಿದ್ದರೆ ಆಗುತ್ತದೆ. ಮಧುಮೇಹವಿದ್ದವರ ಮಾತು ಬೇರೆ. ಅವರು ಏನೂ ತಿನ್ನಲಾಗದಿದ್ದರೆ ಸಕ್ಕರೆಯ ಮಟ್ಟ ನೋಡಿಕೊಂಡು, ಇನ್ಸುಲಿನ್ ಮತ್ತು ಮಾತ್ರೆ ಹೇಗೆಂದು ಅಂದೇ ಡಾಕ್ಟರಿಗೆ ಫೋನು ಮಾಡಿ ಕೇಳಬೇಕು.

ಓಆರ್‌ಎಸ್ ಎಂದರೆ ಜ್ಯೂಸ್ ಅಲ್ಲ

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ತುಂಬಿದಾಗ ಕಾಲರಾ ಹಬ್ಬಿತು. ಸಲೈನ್ ಬಾಟಲಿಗಳು ಸಾಲಲಿಲ್ಲ. ಅಲ್ಲಿದ್ದ ಡಾ. ದಿಲೀಪ್ ಮಹಾಲನಬೀಸ್ ಉಪ್ಪು ಮತ್ತು ಗ್ಲೂಕೋಸನ್ನು ಅಳತೆ ಪ್ರಕಾರ ನೀರಿಗೆ ಬೆರೆಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಅವರ ಶಿಬಿರದಲ್ಲಿ ಸಾವಿನ ಪ್ರಮಾಣ ಶೇಕಡಾ 30ರ ಆಸುಪಾಸಿನಿಂದ ಶೇಕಡಾ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ಅವರು ತೀರಿಕೊಂಡರು, 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಇದರ ಗುಟ್ಟು ಸಣ್ಣದು. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುವ ಬಾಗಿಲಿದೆ. ಎರಡೂ ಹೋದರೆ ಹಿಂದೆಯೇ ನೀರೂ ಹೋಗುತ್ತದೆ. ಅಳತೆ ತಪ್ಪಿ ಸಕ್ಕರೆ ಹೆಚ್ಚಾದರೆ ಉಲ್ಟಾ, ದೇಹದ ನೀರನ್ನೇ ಕರುಳಿಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಅಳತೆಯಲ್ಲಿ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ.

ಮೆಡಿಕಲ್ ಅಂಗಡಿಯ ಕೌಂಟರಿನಲ್ಲಿ ಬಣ್ಣಬಣ್ಣದ ಟೆಟ್ರಾಪ್ಯಾಕುಗಳು ಓಆರ್‌ಎಸ್ ಹೆಸರಿನಲ್ಲೇ ವರ್ಷಗಟ್ಟಲೆ ಮಾರಾಟವಾದವು. ಅವುಗಳಲ್ಲಿ ಸಕ್ಕರೆ ಈ ಅಳತೆಗಿಂತ ಎಷ್ಟೋ ಪಟ್ಟು ಹೆಚ್ಚು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಳ ಕಾಲ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್ಎಸ್ಎಸ್ಎಐ, ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಶಬ್ದವನ್ನೇ ಬಳಸಬಾರದೆಂದು ಆದೇಶಿಸಿತು. ಆದ್ದರಿಂದ ಅಂಗಡಿಯಲ್ಲಿ ‘ಡಬ್ಲ್ಯುಎಚ್‌ಓ ಫಾರ್ಮುಲಾ’ ಎಂದು ಬರೆದಿರುವ ಪುಡಿಯ ಪೊಟ್ಟಣ ಕೇಳಿ. ಪೊಟ್ಟಣದ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟಕ್ಕೇ ಕಲಸಿ. ಒಂದು ಲೀಟರಿನ ಪೊಟ್ಟಣವನ್ನು ಲೋಟಕ್ಕೆ ಸುರಿದು ಕೊಡುವುದು ಅಪಾಯ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ.

ರಾತ್ರಿ ಎರಡು ಗಂಟೆಗೆ ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆ ತುಂಬಿರಬಾರದು. ರುಚಿ ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಮಾಡಿ.

ಅಮ್ಮನ ಮದ್ದುಗಳು

ಊರಿನ ಮದ್ದುಗಳಲ್ಲಿ ಶುಂಠಿಗೆ ಒಳ್ಳೆಯ ಆಧಾರವಿದೆ, ಅದರಲ್ಲೂ ಗರ್ಭಿಣಿಯರ ವಾಕರಿಕೆಯಲ್ಲಿ. ಹಸಿಶುಂಠಿಯ ಸಣ್ಣ ಚೂರು, ತೆಳು ಶುಂಠಿ ಕಷಾಯ ಸಾಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳಿ. ನಿಂಬೆಹಣ್ಣು ಮೂಸುವುದರಿಂದ ಹಲವರಿಗೆ ಹಾಯೆನಿಸುತ್ತದೆ, ತೊಂದರೆಯೇನೂ ಇಲ್ಲ.

ಉಪ್ಪು ಹಾಕಿದ ಗಂಜಿನೀರಂತೂ ನಮ್ಮ ಕರಾವಳಿಯವರ ಬಹುದೊಡ್ಡ ಆಸ್ತಿ. ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುವುದರಿಂದ ಅಕ್ಕಿಯಿಂದಲೇ ಓಆರ್‌ಎಸ್ ಮಾಡಿ ಕಾಲರಾ ರೋಗಿಗಳಿಗೆ ಕೊಟ್ಟು ಯಶಸ್ಸು ಕಂಡಿದ್ದಾರೆ. ಪುನರ್ಪುಳಿ ಸಾರು, ತೆಳ್ಳನೆಯ ನೀರು ಮಜ್ಜಿಗೆ, ಎಳನೀರು ವಾಂತಿ ನಿಂತ ಮೇಲೆ ಚೆನ್ನ. ಆದರೆ ಸತತ ವಾಂತಿ ಭೇದಿಯಿದ್ದಾಗ ಇವು ಯಾವುವೂ ಓಆರ್‌ಎಸ್‌ಗೆ ಬದಲಿಯಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ಕೂಡದು.

ಮಾಡಲೇಬಾರದ್ದು ಒಂದಿದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು. ಉಪ್ಪು ರಕ್ತಕ್ಕೆ ಏರಿ ಜೀವಕ್ಕೇ ಎರವಾಗಬಹುದು. ಮಗು ಫಿನೈಲ್, ಟಾಯ್ಲೆಟ್ ತೊಳೆಯುವ ಆಸಿಡ್, ಸೀಮೆಎಣ್ಣೆ ಕುಡಿದಿದ್ದರೆ ವಾಂತಿ ಮಾಡಿಸಲೇಬೇಡಿ. ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೆ ಸುಡುತ್ತದೆ. ಬಾಟಲಿಯನ್ನೂ ಜೊತೆಗೆ ಹಿಡಿದು ಆಸ್ಪತ್ರೆಗೆ ಓಡಿ.

ಘಾಟಿಯಿಂದ ಸೀ ಲಿಂಕಿನವರೆಗೆ

ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡತೊಡಗುವ ಮೊದಲು ಮುಂಬಯಿಯಿಂದ ಉಡುಪಿ ಮಂಗಳೂರಿಗೆ ಬಸ್ಸಿನಲ್ಲಿ ಹೋದವರಿಗೆ ವಾಂತಿಯ ಪಾಠ ಬೇಡ. ಕಶೇಡಿ ಘಾಟಿಯ ತಿರುವು, ಕೈಯಲ್ಲಿ ನಿಂಬೆಹಣ್ಣು, ಸೀಟಿನ ಹಿಂದೆ ಪ್ಲಾಸ್ಟಿಕ್ ಚೀಲ. ಹುಬ್ಬಳ್ಳಿ ಕಡೆಯವರಿಗೆ ಸಾತಾರದ ಹಾದಿಯ ಖಂಬಾಟ್ಕಿ ಘಾಟಿ.

ಈಗಿನ ಘಾಟಿ ನಮ್ಮ ಕ್ಯಾಬಿನಲ್ಲೇ ಇದೆ. ಬಾಂದ್ರಾ–ವರ್ಲಿ ಸೀ ಲಿಂಕ್ ಮೇಲೆ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರೆ, ಒಳಕಿವಿ ‘ಓಡುತ್ತಿದ್ದೇನೆ’ ಅನ್ನುತ್ತದೆ, ಕಣ್ಣು ‘ಕೂತಿದ್ದೇನೆ’ ಅನ್ನುತ್ತದೆ. ಈ ಜಗಳಕ್ಕೆ ಮೆದುಳು ಕೊಡುವ ತೀರ್ಪೇ ವಾಕರಿಕೆ. ಇದಕ್ಕೆ ಮದ್ದು ಸುಲಭ. ಮುಂದಿನ ಸೀಟು, ತೆರೆದ ಕಿಟಕಿ, ದೂರದ ದಿಗಂತದ ಮೇಲೆ ಕಣ್ಣು, ಫೋನು ಜೇಬಿನಲ್ಲಿ. ಬಸ್ಸಿನಲ್ಲಾದರೆ ಮುಂದಿನ ಹಿಂದಿನ ಗಾಲಿಗಳ ನಡುವಿನ ಸೀಟು. ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಬಿರಿಯಾನಿಯೂ ಬೇಡ. 2024ರಲ್ಲಿ ಬಂದ ಐಓಎಸ್ 18ರಲ್ಲಿ ವಾಹನದ ಚಲನೆಗೆ ತಕ್ಕಂತೆ ಪರದೆಯ ಅಂಚಿನಲ್ಲಿ ಚುಕ್ಕಿಗಳು ಓಡುವ ಸೌಲಭ್ಯವಿದೆ. ಕಣ್ಣಿಗೂ ಚಲನೆಯ ಸುದ್ದಿ ಮುಟ್ಟಿಸಿ ಜಗಳ ಬಿಡಿಸುವ ಉಪಾಯ ಅದು. ಪ್ರಯಾಣದ ಮಾತ್ರೆಯನ್ನು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ, ಅದೂ ಹೊರಡುವ ಮೊದಲು. ವಾಕರಿಕೆ ಶುರುವಾದ ಮೇಲೆ ನುಂಗಿದರೆ ಹೆಚ್ಚು ಫಲವಿಲ್ಲ. ನಿದ್ದೆ ಬರುತ್ತದೆ, ಆದ್ದರಿಂದ ನುಂಗಿದವರು ಗಾಡಿ ಓಡಿಸಬಾರದು.

ನಿನ್ನೆಯ ಅನ್ನ, ಇಂದಿನ ಡಬ್ಬಿ

ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಜೋರು ವಾಂತಿಯಾದರೆ, ಆಹಾರದಲ್ಲಿ ರೋಗಾಣುಗಳು ಮೊದಲೇ ಮಾಡಿಟ್ಟ ವಿಷದ ಕೆಲಸವಿರುವ ಸಾಧ್ಯತೆ ಹೆಚ್ಚು. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣುವಿನ ಬೀಜಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನವನ್ನು ಮುಂಬಯಿಯ ಸೆಖೆಯಲ್ಲಿ ಗಂಟೆಗಟ್ಟಲೆ ಹೊರಗಿಟ್ಟರೆ ಅವು ಚಿಗುರಿ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಗಾಡಿಯ ಫ್ರೈಡ್ ರೈಸಿಗೆ ಈ ಕೆಟ್ಟ ಹೆಸರಿದೆ, ಆದರೆ ರಾತ್ರಿಯ ಅನ್ನದಿಂದ ಬೆಳಿಗ್ಗೆ ಮಾಡುವ ನಮ್ಮ ಚಿತ್ರಾನ್ನವೂ ಅದೇ ಜಾತಿ. ರಾತ್ರಿಯ ಅನ್ನವನ್ನು ಒಂದೆರಡು ಗಂಟೆಯೊಳಗೆ ಅಗಲದ ಪಾತ್ರೆಯಲ್ಲಿ ಆರಿಸಿ ಫ್ರಿಜ್ಜಿನಲ್ಲಿಟ್ಟರೆ ಚಿತ್ರಾನ್ನ ನಿಶ್ಚಿಂತೆಯಿಂದ ತಿನ್ನಬಹುದು. ಏಳಕ್ಕೆ ಕಟ್ಟಿದ ಡಬ್ಬಿಯನ್ನು ಆಫೀಸು ಮುಟ್ಟಿದ ಕೂಡಲೇ ಪ್ಯಾಂಟ್ರಿಯ ಫ್ರಿಜ್ಜಿನಲ್ಲಿಡಿ.

ಹೊರಗಿನ ತಿಂಡಿಯ ವಾಂತಿಯನ್ನೂ ಹಗುರವಾಗಿ ನೋಡುವಂತಿಲ್ಲ. 2024ರ ಮೇ ತಿಂಗಳಲ್ಲಿ ಮಾನ್‌ಖುರ್ದ್ ಭಾಗದಲ್ಲಿ ರಸ್ತೆಬದಿಯ ಶವರ್ಮಾ ತಿಂದ 19 ವರ್ಷದ ಹುಡುಗ ಕೆಲವೇ ದಿನಗಳಲ್ಲಿ ತೀರಿಕೊಂಡ. ಎರಡನೆಯ ದಿನವೂ ವಾಂತಿ ನಿಲ್ಲದಿದ್ದರೆ ‘ನಾಳೆ ನೋಡೋಣ’ ಎನ್ನಬಾರದು ಎಂಬುದಕ್ಕೆ ಇದನ್ನು ನೆನಪಿಸುತ್ತಿದ್ದೇನೆ.

‘ಪಿತ್ತ’ ಎಂದು ಬಿಡಬಾರದ್ದು

ನಮ್ಮ ಕಟ್ಟಡದಲ್ಲಿ ಗದಗದ ಕಡೆಯ ಒಂದು ಕುಟುಂಬವಿದೆ. ಊರಿಂದ ಬಂದಿದ್ದ ಯಜಮಾನರಿಗೆ ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ. ಒಂದು ರಾತ್ರಿ ಊಟವಾದ ಮೇಲೆ ಹೊಟ್ಟೆ ತೊಳಸಿ ಬೆವರತೊಡಗಿದರು. ‘ಏನಿಲ್ಲವಾ, ಪಿತ್ತ ಆಗೇತಿ, ಲಿಂಬು ಸೋಡಾ ಮಾಡು’ ಎಂದು ಸೊಸೆಗೆ ಹೇಳಿದರು. ಫ್ಯಾನಿನ ಕೆಳಗೆ ಕೂತವರ ಹಣೆ ಮುಟ್ಟಿದರೆ ತಣ್ಣಗೆ, ಒದ್ದೆ. ಎದೆನೋವು ಇಲ್ಲವೇ ಇಲ್ಲ. ಆದರೂ ಸೊಸೆ ಸೋಡಾ ಮಾಡಲಿಲ್ಲ. ‘ಮಾವಾರ, ಸೋಡಾ ಆಮ್ಯಾಲೆ, ಮೊದಲ ದವಾಖಾನಿಗೆ ನಡೀರಿ’ ಎಂದು ಎಬ್ಬಿಸಿಕೊಂಡು ಹೋದಳು. ಇಸಿಜಿಯಲ್ಲಿ ಕಂಡದ್ದು ಹೃದಯಾಘಾತ. ಅದೇ ರಾತ್ರಿ ಸ್ಟೆಂಟ್ ಹಾಕಿದರು. ಈಗ ಅವರು ಬೆಳಿಗ್ಗೆ ನಮಗಿಂತ ಮೊದಲು ಎದ್ದು ಕಾರ್ಟರ್ ರಸ್ತೆಯಲ್ಲಿ ನಡೆದು ಬರುತ್ತಾರೆ.

ಹೃದಯಾಘಾತವೆಂದರೆ ಸಿನಿಮಾದಂತೆ ಎದೆ ಹಿಡಿದು ಬೀಳುವುದೆಂದು ನಾವು ತಿಳಿದಿದ್ದೇವೆ. ಮಧುಮೇಹಿಗಳಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಅದು ಬರೀ ವಾಕರಿಕೆ, ಬೆವರು, ಉಬ್ಬಸ, ಸುಸ್ತು, ಮೇಲ್ಹೊಟ್ಟೆಯ ಅಥವಾ ದವಡೆಯ ನೋವಾಗಿ ಬರುವುದುಂಟು. ವಾಕರಿಕೆಯ ಜೊತೆ ತಣ್ಣನೆಯ ಬೆವರಿದ್ದರೆ ಅದನ್ನು ಪಿತ್ತ ಅನ್ನುವ ಮೊದಲು ಒಂದು ಇಸಿಜಿ ಆಗಲೇಬೇಕು.

ಇನ್ನೊಂದು, ಮುಂಬಯಿಯ ಸಣ್ಣ ಫ್ಲಾಟುಗಳಿಗೇ ಸಂಬಂಧಿಸಿದ್ದು: ಗ್ಯಾಸ್ ಗೀಸರ್. ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಗ್ಯಾಸ್ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲ ಲಕ್ಷಣಗಳೇ ತಲೆನೋವು, ವಾಕರಿಕೆ, ತಲೆಸುತ್ತು. ಸ್ನಾನಕ್ಕೆ ಹೋದಾಗ ಹೀಗಾಗಿ, ಹೊರಗೆ ಬಂದಾಗ ಸರಿಹೋಗುತ್ತಿದ್ದರೆ ಹೊಟ್ಟೆಗೆ ಮದ್ದು ಹುಡುಕಬೇಡಿ, ಗೀಸರನ್ನು ಬಾತ್‌ರೂಮಿನ ಹೊರಗೆ ಹಾಕಿಸಿ. ಯಾರಾದರೂ ಒಳಗೆ ಕುಸಿದಿದ್ದರೆ ಗ್ಯಾಸ್ ಆರಿಸಿ, ಬಾಗಿಲು ಕಿಟಕಿ ತೆರೆದು, ಅವರನ್ನು ಗಾಳಿಗೆ ತನ್ನಿ, ಆಮೇಲೆ ಆಂಬುಲೆನ್ಸ್.

ಮೂರನೆಯದು ಗರ್ಭಿಣಿಯರ ವಾಕರಿಕೆ. ಇದನ್ನು ‘ನಾಟಕ’ ಎನ್ನುವವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಜಿಡಿಎಫ್15 ಎಂಬ ಹಾರ್ಮೋನು ಇದಕ್ಕೆ ಮುಖ್ಯ ಕಾರಣವೆಂದೂ, ಅದರ ಬಹುಪಾಲು ಹೊಟ್ಟೆಯಲ್ಲಿರುವ ಕೂಸಿನ ಕಡೆಯಿಂದಲೇ ಬರುತ್ತದೆಂದೂ 2023ರ ಡಿಸೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಮೆದುಳಿನ ಬುಡದ ಆ ಕಾವಲುಗಾರನನ್ನು ತಟ್ಟುವುದು ಇದೇ. ಏಳುವ ಮೊದಲು ಹಾಸಿಗೆಯಲ್ಲೇ ಒಣ ಬಿಸ್ಕತ್ತು, ಸ್ವಲ್ಪ ಸ್ವಲ್ಪವೇ ಊಟ, ಡಾಕ್ಟರು ಬರೆದುಕೊಟ್ಟರೆ ಡಾಕ್ಸಿಲಮೈನ್ ಮತ್ತು ಬಿ6 ಇರುವ ಮಾತ್ರೆ. ನೀರೂ ನಿಲ್ಲದೆ ತೂಕ ಇಳಿಯುತ್ತಿದ್ದರೆ ಆಸ್ಪತ್ರೆಗೆ ಸೇರಿಸಬೇಕು. ಬೆಳಗಿನ ಎಂಟರ ಲೋಕಲ್ಲಿನಲ್ಲಿ ಬಾಂದ್ರಾಕ್ಕೆ ನಿಂತು ಬರುವ ಹೆಣ್ಣುಮಗಳಿಗೆ ಆ ಮೂರು ತಿಂಗಳು ಮನೆಯಿಂದ ಕೆಲಸ ಮಾಡಲು ಬಿಡುವುದೂ ಮ್ಯಾನೇಜರ್ ಕೊಡಬಹುದಾದ ಪ್ರಥಮ ಚಿಕಿತ್ಸೆಯೇ.

ಕೊನೆಯದಾಗಿ ಹೊಸ ಔಷಧಿಗಳು. 2025ರ ಮಾರ್ಚಿನಲ್ಲಿ ಮೌಂಜಾರೋ ಭಾರತಕ್ಕೆ ಬಂದ ಮೇಲೆ ತೂಕ ಇಳಿಸುವ ಚುಚ್ಚುಮದ್ದು ನಮ್ಮ ಆಫೀಸುಗಳಲ್ಲೂ ಮಾತಿನ ವಿಷಯ. ಈ ಜಾತಿಯ ಮದ್ದುಗಳಿಗೆ ವಾಕರಿಕೆ ತೀರ ಸಾಮಾನ್ಯ. ಆದರೆ ಬೆನ್ನಿಗೆ ಹರಡುವ ಬಿಡದ ಹೊಟ್ಟೆನೋವು ಜೊತೆಗಿದ್ದರೆ ಮೇದೋಜೀರಕದ ಉರಿಯೂತ ಇರಬಹುದು, ಕಾಯಬಾರದು. ಹೊಟ್ಟೆ ತೊಳಸಿದಾಗ ‘ಹೊಸದಾಗಿ ಯಾವ ಮಾತ್ರೆ ಶುರು ಮಾಡಿದಿರಿ?’ ಎಂದು ಕೇಳುವುದನ್ನು ಮರೆಯಬೇಡಿ. ನೋವಿನ ಮಾತ್ರೆ, ಆಂಟಿಬಯೋಟಿಕ್, ಕಬ್ಬಿಣದ ಮಾತ್ರೆ, ಮೆಟ್‌ಫಾರ್ಮಿನ್ ಎಲ್ಲವೂ ಇದನ್ನು ತರಬಲ್ಲವು.

ಕಾಯದೆ ಹೊರಡಬೇಕಾದ ಹೊತ್ತು

ಈ ಕೆಳಗಿನ ಯಾವುದಾದರೂ ಒಂದು ಇದ್ದರೆ ಮನೆಮದ್ದು ನಿಲ್ಲಿಸಿ:

ವಾಂತಿಯಲ್ಲಿ ರಕ್ತ, ಅಥವಾ ಕಾಫಿಪುಡಿಯಂಥ ಕಪ್ಪು. ಎಳೆಯ ಮಗುವಿಗೆ ಹಸಿರು ವಾಂತಿ. ಎದೆನೋವು, ಉಬ್ಬಸ, ತಣ್ಣನೆಯ ಬೆವರು. ಜೋರು ತಲೆನೋವು, ಕುತ್ತಿಗೆ ಬಗ್ಗಿಸಲಾಗದಿರುವುದು, ಮಾತು ತೊದಲುವುದು, ಗೊಂದಲ, ಎಚ್ಚರ ತಪ್ಪುವುದು. ತಲೆಗೆ ಪೆಟ್ಟಾದ ಮೇಲೆ ವಾಂತಿ. ಬಿಡದ ಹೊಟ್ಟೆನೋವು, ಅದರಲ್ಲೂ ಬಲಗಡೆ ಕೆಳಗೆ. ಏಳೆಂಟು ಗಂಟೆ ಮೂತ್ರವಿಲ್ಲದಿರುವುದು, ನಾಲಿಗೆ ಒಣಗಿ ಕಣ್ಣು ಗುಳಿಬೀಳುವುದು, ಮಗು ಅತ್ತರೂ ಕಣ್ಣೀರು ಬಾರದಿರುವುದು. ಮಧುಮೇಹಿಗೆ ವಾಂತಿಯ ಜೊತೆ ಸಕ್ಕರೆ ತೀರ ಏರಿರುವುದು. ಗುಟುಕು ನೀರೂ ನಿಲ್ಲದಿರುವುದು. ವಾಂತಿ ಒಂದು ದಿನ ದಾಟಿರುವುದು.

ಮಹಾರಾಷ್ಟ್ರದಲ್ಲಿ ಆಂಬುಲೆನ್ಸಿಗೆ 108. ಬಾಂದ್ರಾ ಪಶ್ಚಿಮದಲ್ಲಿ ಪಾಲಿಕೆಯ ಭಾಭಾ ಆಸ್ಪತ್ರೆಯಿದೆ, ಹೋಲಿ ಫ್ಯಾಮಿಲಿ ಇದೆ, ರಿಕ್ಲಮೇಶನ್ ಕಡೆ ಲೀಲಾವತಿ ಇದೆ. ಪೂರ್ವದಲ್ಲಿ ಗುರುನಾನಕ್ ಇದೆ. ನಿಮ್ಮ ಮನೆಗೆ ಹತ್ತಿರದ್ದು ಯಾವುದು, ಇಸಿಜಿ ರಾತ್ರಿಯೂ ಸಿಗುತ್ತದೆಯೇ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಆ ರಾತ್ರಿ ಗೂಗಲ್ ಮಾಡುತ್ತಾ ಕೂರುವ ವ್ಯವಧಾನ ಇರುವುದಿಲ್ಲ.

ಈ ಭಾನುವಾರ ತರಕಾರಿ ತರಲು ಹೋದಾಗ ನಾಲ್ಕು ಓಆರ್‌ಎಸ್ ಪೊಟ್ಟಣ ತನ್ನಿ. ಎರಡು ಮನೆಗೆ, ಒಂದು ಆಫೀಸಿನ ಡ್ರಾಯರಿಗೆ, ಒಂದು ಊರಿಗೆ ಹೋಗುವ ಬ್ಯಾಗಿಗೆ. ಅವಧಿ ಮುಗಿಯುವ ದಿನಾಂಕ ನೋಡಿಕೊಳ್ಳಿ. ಸಂಜೆ ಊರಿಗೆ ಫೋನು ಮಾಡಿದಾಗ ಅಪ್ಪ ಅಮ್ಮನಿಗೂ ಒಂದು ಮಾತು ಹೇಳಿ: ಹೊಟ್ಟೆ ತೊಳಸಿ ಮೈ ತಣ್ಣಗೆ ಬೆವರಿದರೆ ಅದು ಪಿತ್ತವಲ್ಲ, ಪಕ್ಕದ ಮನೆಯವರನ್ನು ಕರೆಯಿರಿ ಎಂದು. ಅವರು ನಗಬಹುದು. ನಕ್ಕರೂ ನೆನಪಿಟ್ಟುಕೊಂಡಿರುತ್ತಾರೆ.